ಮದುವೆ ಕ್ಯಾಸೆಟ್ಟುಗಳಲ್ಲಿ ಉಳಿದ ರಾಮಾಂಜಿನಿಯ ಸಂಗೀತ

ಸಿನಿಮಾ ಸಂಗೀತ ನಿರ್ದೇಶಕ ಅಂಜನ್ ತೀರಿಕೊಂಡ ಮರುವರ್ಷ ಬೆಂಗಳೂರಿನ ಒಂದು ಸಂಗೀತ ಸಂಸ್ಥೆಯವರು ಅವರ ನೆನಪಿಗೆ ಸಮಾರಂಭ ಇಟ್ಟುಕೊಂಡಿದ್ದರು. ಅದು ಮೊಬೈಲಿನಲ್ಲೂ ನೇರವಾಗಿ ಬರುತ್ತಿತ್ತು. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯ ತನ್ನ ವಿಡಿಯೊ ಅಂಗಡಿಯಲ್ಲಿ ಕೂತು ಭಾಗ್ಯ ಅದನ್ನು ನೋಡುತ್ತಿದ್ದಳು. ಕೈ ಮಾತ್ರ ಯಾರೋ ಬಸುರಿಯ ಕುಬುಸದ ಕಾರ್ಯದ ವಿಡಿಯೊ ಜೋಡಿಸುತ್ತಿತ್ತು. ವೇದಿಕೆಯ ಮೇಲೆ ಸಂಸ್ಥೆಯ ಅಧ್ಯಕ್ಷರು ಮಾತಾಡುತ್ತಿದ್ದರು.

"ಅಂಜನ್ ಹುಟ್ಟಿದ್ದೇ ಸಿನಿಮಾದಲ್ಲಿ. ಅದಕ್ಕೆ ಮುಂಚೆ ಟಿ.ವಿ. ಧಾರಾವಾಹಿಗಳಿಗೆ ಹೊಟ್ಟೆಪಾಡಿಗೆ ಏನೋ ಬಾರಿಸಿದ್ದರಂತೆ. ಅದೊಂದೂ ಉಳಿದಿಲ್ಲ. ಉಳಿಯಬೇಕಾದಂಥದ್ದೂ ಅಲ್ಲ ಬಿಡಿ."

ಸಭೆಯಲ್ಲಿ ಕೆಲವರು ನಕ್ಕರು. ಭಾಗ್ಯ ಕೆಲಸ ನಿಲ್ಲಿಸಿದಳು.

"ಇಂವ ಅದನ್ನ ಕೇಳ್ಯಾನೇನ್ರಿ?" ಎಂದು ಗಂಡ ಗವಿಸಿದ್ದೇಶನನ್ನು ಕೇಳಿದಳು. ಅವನು ಮೂಲೆಯಲ್ಲಿ ಕ್ಯಾಮೆರಾ ಒರೆಸುತ್ತಿದ್ದ. "ಒಂದೂ ಉಳಿದಿಲ್ಲ ಅಂತ ತಾನ ಹೇಳ್ತಾನ. ಉಳೀದ ಇರೋದನ್ನ ಎಲ್ಲಿ ಕೇಳಿದ? ಕೇಳದನ ಅದು ಉಳೀಬೇಕಾದ್ದಲ್ಲ ಅಂತ ಹೆಂಗ ಹೇಳ್ತಾನ?"

"ದೊಡ್ಡೋರು ಏನರ ಮಾತಾಡ್ತಾರ. ಬಿಡು."

"ನಾ ಕೇಳೀನಿ. ನಾ ಹೆಂಗ ಬಿಡ್ಲಿ?"

ಅಂಜನ್ ಎಂಬುದು ಸಿನಿಮಾದವರು ಕತ್ತರಿಸಿ ಇಟ್ಟ ಹೆಸರು. ತಂದೆತಾಯಿ ಇಟ್ಟ ಹೆಸರು ರಾಮಾಂಜಿನಿ. ಊರು ಕಾನಹೊಸಹಳ್ಳಿಯಿಂದ ಒಳಗೆ ಹೋಗುವ ಒಂದು ಸಣ್ಣ ಹಳ್ಳಿ. ಕುರಿ ಕಾಯುವ ಮನೆತನ. ಭಾಗ್ಯ ಉಜ್ಜಿನಿಯಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪಕ್ಕದ ಮನೆಗೆ ಟಿ.ವಿ. ಬಂದಿತ್ತು. ವಾರಕ್ಕೊಮ್ಮೆ 'ಎರಡು ಬಾಗಿಲ ಮನೆ' ಎಂಬ ಧಾರಾವಾಹಿ. ಶುರುವಿನಲ್ಲಿ ಒಂದು ಕೊಳಲು ಒಂಟಿಯಾಗಿ ಬರುತ್ತಿತ್ತು; ಅದು ಮುಗಿಯುವ ಮೊದಲೇ ಯಾರೋ ಬಾಗಿಲು ಬಡಿದ ಹಾಗೆ ಡೊಳ್ಳಿನ ಸದ್ದು; ಆಮೇಲೆ ಎರಡೂ ಕೂಡಿ, ಒಂದನ್ನೊಂದು ಕರೆದುಕೊಂಡು ಹೋದ ಹಾಗೆ ನಡೆಯುತ್ತಿದ್ದವು. ಅಷ್ಟು ಕೇಳಿ, ಕಥೆ ಶುರುವಾಗುತ್ತಲೇ ಭಾಗ್ಯ ಎದ್ದು ಮನೆಗೆ ಬಂದುಬಿಡುತ್ತಿದ್ದಳು. "ಹೋಗೂದ ಯಾಕ, ಬರೂದ ಯಾಕ," ಎಂದು ತಾಯಿ ನೀಲಗಂಗಮ್ಮ ಬೈಯುತ್ತಿದ್ದಳು. ಇದನ್ನು ಮಾಡಿದವನು ನಮ್ಮ ಕಾನಹೊಸಹಳ್ಳಿ ಕಡೆಯವನು ಎಂದು ಶಾಲೆಯಲ್ಲಿ ಯಾರೋ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಟಿ.ವಿ.ಯೊಳಗಿನದನ್ನು ನಮ್ಮ ಬಸ್ಸಿನಲ್ಲಿ ಓಡಾಡುವವರೂ ಮಾಡಬಹುದು ಎಂದು ಅವಳಿಗೆ ಅಂದು ಮೊದಲ ಸಲ ಹೊಳೆಯಿತು. ಮುಂದೆ ಮದುವೆಯಾಗಿ ಕೊಟ್ಟೂರಿಗೆ ಬಂದು, ಗಂಡ ತೆಗೆದ ಚಿತ್ರಗಳಿಗೆ ಹಾಡು ಕೂರಿಸುವ ಕೆಲಸ ಕಲಿಯುವಾಗ, ಇದು ನನ್ನಿಂದ ಆಗದ ಕೆಲಸ ಎಂದು ಅವಳು ಹೆದರದೇ ಇದ್ದದ್ದು ಅದಕ್ಕೇ ಇರಬೇಕು.

ಸಮಾರಂಭದ ಮರುದಿನವೇ ಅವಳು ಫೋನು ಹಿಡಿದಳು. ಧಾರಾವಾಹಿ ತಯಾರಿಸಿದ ಕಂಪನಿ ಈಗ ಜಾಹೀರಾತು ಮಾಡುತ್ತಿತ್ತು. ಅಲ್ಲಿನ ಹುಡುಗಿ ಒಳಗೆ ಯಾರನ್ನೋ ಕೇಳಿ ಬಂದು ಹೇಳಿದಳು: "ಟೇಪ್ ಇಲ್ಲ ಮೇಡಂ. ಆಗ ಟೇಪ್ ಸಿಗೋದು ಕಷ್ಟ ಇತ್ತಂತೆ. ಒಂದು ಧಾರಾವಾಹಿ ಮುಗಿದ ಮೇಲೆ ಅದನ್ನ ಅಳಿಸಿ ಅದರ ಮೇಲೇ ಇನ್ನೊಂದು ರೆಕಾರ್ಡ್ ಮಾಡ್ತಿದ್ರಂತೆ."

"ಒಂದು ಕಾಪಿನೂ ಇಡಲಿಲ್ಲೇನು?"

"ಅದನ್ನ ಮತ್ತೆ ಯಾರು ನೋಡ್ತಾರೆ ಅಂತ ಇಟ್ಟಿರಲಿಲ್ವಂತೆ ಮೇಡಂ."

ಭಾಗ್ಯಳ ಅಂಗಡಿಯಲ್ಲಿ ಯಾರದೋ ತೊಟ್ಟಿಲ ಕಾರ್ಯಕ್ರಮದ ವಿಡಿಯೊ ಅಳಿಸಬೇಕಾದರೂ ಮನೆಯವರಿಗೆ ಫೋನು ಮಾಡಿ, ನಿಮಗೆ ಮುಟ್ಟಿದೆಯೇ, ತೆರೆದು ನೋಡಿದ್ದೀರಾ ಎಂದು ಕೇಳಿಯೇ ಅಳಿಸುವುದು. ಅಂಥವಳಿಗೆ ಈ ಮಾತು ಹೇಗೆ ಜೀರ್ಣವಾಗಬೇಕು? ಒಬ್ಬ ಮನುಷ್ಯ ತನ್ನ ಹರೆಯದ ವರ್ಷಗಳನ್ನೆಲ್ಲ ಹಾಕಿ ಮಾಡಿದ್ದನ್ನು, ಅವನನ್ನು ಒಂದು ಮಾತೂ ಕೇಳದೆ, ಹಲಗೆಯ ಮೇಲಿನ ಲೆಕ್ಕದಂತೆ ಒರೆಸಿಹಾಕಿದ್ದರು. ಒರೆಸಿದ್ದೂ ಅಲ್ಲದೆ, ಉಳಿಯದೇ ಇದ್ದದ್ದು ಉಳಿಯಲು ಯೋಗ್ಯವೇ ಅಲ್ಲ ಎಂದು ಈಗ ವೇದಿಕೆ ಹತ್ತಿ ಹೇಳುತ್ತಿದ್ದರು.

ಎರಡು ತಿಂಗಳಾಗಿರಬೇಕು. ಕೂಡ್ಲಿಗಿಯಿಂದ ದುರ್ಗಾ ಎಂಬ ಹೆಂಗಸು ತನ್ನ ಮದುವೆಯ ಹಳೇ ವಿಡಿಯೊ ಕ್ಯಾಸೆಟ್ ತಂದು, ಪೆನ್‌ಡ್ರೈವಿಗೆ ಹಾಕಿಕೊಡಿ ಎಂದಳು. ಇಂಥ ಕೆಲಸ ಆಗಾಗ ಬರುತ್ತದೆ. ಅದಕ್ಕೆಂದೇ ಭಾಗ್ಯ ಒಂದು ಹಳೇ ವಿ.ಸಿ.ಆರ್. ಸುಸ್ಥಿತಿಯಲ್ಲಿಟ್ಟಿದ್ದಾಳೆ. ಕ್ಯಾಸೆಟ್ ಓಡಿತು. ಮಂಟಪ, ಬಾಸಿಂಗ, ಓಡಾಡುವ ಮಂದಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಒಂದು ಕೊಳಲು ಒಂಟಿಯಾಗಿ ಬಂತು. ಅದರ ಹಿಂದೆಯೇ ಡೊಳ್ಳು.

"ನಿಮ್ಮ ಮದುವಿ ಯಾರು ತೆಗದಿದ್ರು?" ಎಂದು ಭಾಗ್ಯ ಕೇಳಿದಳು. ಅವಳು ತಟ್ಟನೆ ವಿ.ಸಿ.ಆರ್. ನಿಲ್ಲಿಸಿದ್ದನ್ನು ಕಂಡು ದುರ್ಗಾ ಕ್ಯಾಸೆಟ್ ಕೆಟ್ಟಿತೆಂದೇ ತಿಳಿದಳು.

"ಹಗರಿಬೊಮ್ಮನಹಳ್ಳಿ ಜೋಗಪ್ಪ ಅಂತ ಇದ್ರು. ಆಗ ಈ ಸೀಮ್ಯಾಗ ಅವ್ರದ ವಿಡಿಯೊ. ಯಾಕ್ರಿ, ಏನಾತು?"

ಜೋಗಪ್ಪ ಇನ್ನೂ ಇದ್ದ. ರೈಲು ನಿಲ್ದಾಣದ ರಸ್ತೆಯಲ್ಲಿ ಮಗಳ ಮನೆಯಲ್ಲಿದ್ದ, ಕಣ್ಣು ಮಂಜಾಗಿದ್ದವು. ಭಾಗ್ಯ ಮೊಬೈಲಿನಲ್ಲಿ ಆ ತುಣುಕು ಕೇಳಿಸಿದಾಗ ನಗತೊಡಗಿದ.

"ನಂದ ಕೆಲಸ ಇದು. ಆಗ ಎಲ್ಲಾರೂ ಸಿನಿಮಾ ಹಾಡು ಹಾಕ್ತಿದ್ರು. ನನಗ ಅದು ಬ್ಯಾಸರ ಆಗಿತ್ತು. ಟಿವಿಯಾಗ ಈ ರಾಮಾಂಜಿನಿ ಬಾಜಾ ಬಂದಾಗೆಲ್ಲ ವೈರ್ ಹಚ್ಚಿ ಹಿಡಕೊಂತಿದ್ದೆ. ಅಕ್ಕಿಕಾಳಿಗೆ ಒಂದು, ಹೆಣ್ಣು ಒಪ್ಪಿಸಿ ಕೊಡೋವಾಗ ಅಳೂದು ಒಂದು, ಮೆರವಣಿಗಿಗೆ ಒಂದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಾ ಕಡೆ ಮದುವ್ಯಾಗ ಇದನ್ನ ಹಾಕೀನಿ."

"ಆ ಹಿಡಕೊಂಡ ಟೇಪು ಎಲ್ಲೈತ್ರಿ ಕಾಕಾ?"

"ಅಂಗಡಿ ತಗಡು ಸೋರಿ ಎಲ್ಲಾ ಬೂಸ್ಟು ಹಿಡಿದು ಹೋತವ್ವ. ಇದ್ದರ ಮಂದಿ ಮನ್ಯಾಗ ಇರಬೇಕು. ಮದುವಿ ಕ್ಯಾಸೆಟ್ ಯಾರೂ ಒಗ್ಯಾಂಗಿಲ್ಲ."

ಯಾರ ಯಾರ ಮದುವೆ ಎಂದು ನೆನಪಾದಷ್ಟು ಹೇಳಿದ. ಆಮೇಲಿನ ಕೆಲವು ತಿಂಗಳು ಭಾಗ್ಯ ಕೆಲಸ ಕಡಿಮೆ ಇದ್ದ ದಿನಗಳಲ್ಲಿ ಬಸ್ಸು ಹತ್ತಿದಳು. ಜೋಗಪ್ಪ ಅಂದುಕೊಂಡ ಹಾಗೇನೂ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಎಸೆದುಬಿಟ್ಟಿದ್ದರು. ಕೆಲವರು, ನಮ್ಮ ಮದುವೆ ನಿನಗೇಕೆ ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಹಡಗಲಿ ಹತ್ತಿರ ಹುಲುಗೇಶ ಎಂಬ ರೈತ ಅವಳನ್ನು ಹೊಲಕ್ಕೇ ಕರೆದುಕೊಂಡು ಹೋಗಿ ತೋರಿಸಿದ. ತೆನೆ ಬಿಟ್ಟ ಸಜ್ಜೆಯ ಮೇಲೆ ಈ ಬದುವಿನಿಂದ ಆ ಬದುವಿನವರೆಗೆ ಕ್ಯಾಸೆಟ್ಟಿನ ಕಪ್ಪು ರೀಲು ಕಟ್ಟಿದ್ದ.

"ಗಾಳಿಗೆ ಬರ್ರ್ ಅಂತೈತಿ ನೋಡ್ರಿ, ಹಕ್ಕಿ ಸನೇಕ ಬರೂದಿಲ್ಲ," ಎಂದ.

ಭಾಗ್ಯ ಸಿಟ್ಟಿನಲ್ಲೇ ಬಸ್ಸು ಹತ್ತಿದಳು. ಆದರೆ ಹಗರಿಬೊಮ್ಮನಹಳ್ಳಿ ಬರುವಷ್ಟರಲ್ಲಿ ಅವನ ಮೇಲಿನ ಸಿಟ್ಟು ಇಳಿದಿತ್ತು. ಆ ಮನುಷ್ಯನಿಗೆ ಅದರಲ್ಲಿ ಏನಿತ್ತೆಂದು ಗೊತ್ತಿರಲಿಲ್ಲ. ತನ್ನ ವಸ್ತು, ತನ್ನ ಬೆಳೆಗೆ ಬಳಸಿದ. ಗೊತ್ತಿದ್ದವರು, ಹೆಸರು ಹಾಕಿ ಪ್ರಸಾರ ಮಾಡಿದವರು, ಅವರು ಅಳಿಸಿದ್ದಕ್ಕೆ ಏನು ಹೇಳುವುದು?

ಹರಪನಹಳ್ಳಿಯಲ್ಲಿ ಸುಮಲತಾ ಎಂಬಾಕೆಯ ಮನೆ ಸಿಕ್ಕಿತು. ಜೋಗಪ್ಪ ಹೇಳಿದ ಮದುವೆ ಆಕೆಯದು. ಗಂಡ ಮದುವೆಯಾದ ಎರಡನೇ ವರ್ಷಕ್ಕೇ ಬಿಟ್ಟು ಹೋಗಿದ್ದ ಎಂದು ಜೋಗಪ್ಪನಿಗೆ ಗೊತ್ತಿರಲಿಲ್ಲ. ಭಾಗ್ಯ ಬಂದ ಕಾರಣ ಹೇಳಿ ಮುಗಿಸಿದ ಮೇಲೆ ಸುಮಲತಾ ಕಪಾಟು ತೆರೆದು ಸೀರೆಗಳ ನಡುವೆ ಕೈ ಹಾಕಿದಳು. ಆಕೆ ನರ್ಸು, ಆಸ್ಪತ್ರೆಗೆ ಹೊರಡುವ ಅವಸರದಲ್ಲಿದ್ದಳು.

"ಕ್ಯಾಸೆಟ್ ಐತೆ," ಎಂದಳು. "ಸುಟ್ಟುಬಿಡು ಅಂತ ಎಲ್ಲರೂ ಅಂದ್ರು. ನಮ್ಮಪ್ಪ ಅದ್ರಲ್ಲಿದಾರೆ, ಓಡಾಡ್ತಾರೆ, ಅದಕ್ಕೆ ಸುಡ್ಲಿಲ್ಲ. ನೋಡೋಕೂ ಆಗ್ಲಿಲ್ಲ. ತಗೊಂಡ್ ಹೋಗ್ರಿ. ಆದ್ರೆ ಆ ಮನುಷ್ಯನ ಮುಖ ಎಲ್ಲೂ ಹಾಕ್ಬೇಡ್ರಿ."

"ಮುಖ ನನಗ ಬ್ಯಾಡಕ್ಕಾ. ನನಗ ಬರೇ ಸಂಗೀತ ಬೇಕು. ಬೇಕಂದ್ರ ನಿಮ್ಮಪ್ಪಾರು ಇರೋದಷ್ಟನ್ನ ತೆಗೆದು ನಿಮಗ ಬ್ಯಾರೆ ಮಾಡಿ ಕೊಡ್ತೀನಿ."

ಸುಮಲತಾ ಬಾಗಿಲಿಗೆ ಬೀಗ ಹಾಕುತ್ತಾ, "ಹಂಗೂ ಮಾಡ್ಬೋದಾ?" ಎಂದಳು.

ಉಳಿದ ಯಾವ ಮನೆಯ ಕ್ಯಾಸೆಟ್ಟಿಗಿಂತಲೂ ಅದರಲ್ಲಿ ಹೆಚ್ಚು ಸಂಗೀತವಿತ್ತು. 'ಎರಡು ಬಾಗಿಲ ಮನೆ'ಯ ಶೀರ್ಷಿಕೆ ಸಂಗೀತ ಪೂರ್ತಿ. 'ಹತ್ತಿಯ ಗಿರಣಿ' ಎಂಬ ಇನ್ನೊಂದು ಧಾರಾವಾಹಿಯದು ಮುಕ್ಕಾಲು ಭಾಗ. ಯಾವ ಧಾರಾವಾಹಿಯದೆಂದು ಜೋಗಪ್ಪನಿಗೂ ನೆನಪಿಲ್ಲದ, ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಿಗೆ ಹಾಕಿದ ಒಂದು ಉದ್ದನೆಯ ದುಃಖದ ರಾಗ. ಭಾಗ್ಯ ರೀಲಿನ ಬೂಸ್ಟು ಒರೆಸಿ, ಮತ್ತೆ ಮತ್ತೆ ಓಡಿಸಿ, ಒಂದು ಮನೆಯ ಕ್ಯಾಸೆಟ್ಟಿನಲ್ಲಿ ಹರಿದದ್ದನ್ನು ಇನ್ನೊಂದು ಮನೆಯದರಿಂದ ತುಂಬಿಸಿ ಜೋಡಿಸಿದಳು. ಸುಮಲತಾಳ ತಂದೆ ಬೀಗರಿಗೆ ಎಲೆಅಡಿಕೆ ಕೊಡುವ, ಪೇಟ ಸರಿ ಮಾಡಿಕೊಳ್ಳುವ ತುಣುಕುಗಳನ್ನೂ ಬೇರೆ ಮಾಡಿ ಕಳಿಸಿದಳು.

ಕೊಳಲಿನ ಆ ಶುರುವಿನ ತುಣುಕನ್ನಷ್ಟೇ ಫೇಸ್‌ಬುಕ್ಕಿಗೆ ಹಾಕಿದ್ದಳು. ಒಂದು ವಾರಕ್ಕೆ ಬೆಂಗಳೂರಿನಿಂದ ಫೋನು ಬಂತು. ಮಾತಾಡಿದವನು ಪ್ರವೀಣಕುಮಾರ್, ಅಧ್ಯಕ್ಷರು ಭಾಷಣ ಮಾಡಿದ ಅದೇ ಸಂಸ್ಥೆಯಲ್ಲಿ ಕೆಲಸ ಮಾಡುವವನು.

"ಅಕ್ಕ, ನಾನೂ ನಿಮ್ಮ ಕಡೆಯವ್ನೇ, ಹರಪನಹಳ್ಳಿ. ನೀವು ಮಾಡಿರೋದು ಸಾಮಾನ್ಯ ಕೆಲ್ಸ ಅಲ್ಲ. ನಮಗೆ ಕಳಿಸ್ರಿ, ಎಲ್ಲರಿಗೂ ಮುಟ್ಟೋ ಹಂಗೆ ಹೊರಗೆ ತರ್ತೀವಿ."

"ಜೋಗಪ್ಪ ಕಾಕಾ ಹೆಸರು ಬರಬೇಕು. ಕ್ಯಾಸೆಟ್ ಕೊಟ್ಟ ಮನ್ಯಾರ ಹೆಸರು ಬರಬೇಕು. ರಾಮಾಂಜಿನಿ ಅಂತ ಅವರ ಖರೇ ಹೆಸರು ಬರಬೇಕು."

"ಬರುತ್ತೆ ಅಕ್ಕ. ನಾನಿದೀನಲ್ಲ."

ನಮ್ಮವನು ಎಂದು ನಂಬಿ ಎಲ್ಲವನ್ನೂ ಕಳಿಸಿದಳು.

ಬಿಡುಗಡೆಯ ಸಮಾರಂಭಕ್ಕೆ ಅವಳಿಗೆ ಕರೆ ಬರಲಿಲ್ಲ. ಮೊಬೈಲಿನಲ್ಲಿ ನೋಡಿದಳು. ಅದೇ ವೇದಿಕೆ, ಅದೇ ಅಧ್ಯಕ್ಷರು. "ಅಂಜನ್ ಅವರ ಟಿ.ವಿ. ಸಂಗೀತವನ್ನು ನಮ್ಮ ಸಂಸ್ಥೆ ವರ್ಷಗಳಿಂದ ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ. ನಮ್ಮ ಭಂಡಾರದಿಂದ ಹೊರತೆಗೆದು, ಶುದ್ಧಿ ಮಾಡಿ ಇಂದು ನಾಡಿಗೆ ಅರ್ಪಿಸುತ್ತಿದ್ದೇವೆ," ಎಂದರು. ಉಳಿಯಬೇಕಾದದ್ದಲ್ಲ ಎಂದ ಅದೇ ಬಾಯಿ. ಜೋಗಪ್ಪನ ಹೆಸರಿಲ್ಲ, ದುರ್ಗಾಳ ಹೆಸರಿಲ್ಲ, ಸುಮಲತಾಳ ಹೆಸರಿಲ್ಲ, ಭಾಗ್ಯಳದ್ದಂತೂ ಇಲ್ಲವೇ ಇಲ್ಲ. ರಾಮಾಂಜಿನಿ ಎಂಬ ಹೆಸರೂ ಇರಲಿಲ್ಲ.

ಅವಳು ಅಂಗಡಿಯ ಶಟರ್ ಅರ್ಧ ಎಳೆದು ಪ್ರವೀಣಕುಮಾರನಿಗೆ ಫೋನು ಮಾಡಿದಳು.

"ನಿಮ್ಮ ಭಂಡಾರದಾಗ ಸೋಗಿ ಗುರುಸಂಗಪ್ಪ ಹೆಂಗ ಬಂದ?"

"ಯಾರಕ್ಕ ಅದು?"

"ಸೋಗಿ ಊರಿನೋನು, ಮದುವ್ಯಾಗ ಹಿತ್ತಾಳಿ ಕೊಡ ಮುಯ್ಯಿ ಕೊಟ್ಟೋನು. ಎರಡನೇ ತುಣುಕು ಹಾಕ್ಕೊಂಡು ಕೇಳ್ರಿ. ಕೊಳಲು ಮೇಲಕ್ಕ ಹೋಗೋ ಹೊತ್ತಿಗೆ, ಕೆಳಗ ಮೈಕಿನ್ಯಾಗ ಮುಯ್ಯಿ ಕೂಗ್ತಾರ. ಸೋಗಿ ಗುರುಸಂಗಪ್ಪಾರಿಂದ ಒಂದು ಹಿತ್ತಾಳಿ ಕೊಡ ಅಂತ. ಅದನ್ನ ತೆಗ್ಯಾಕ ನನ್ನ ಕೈಲೆ ಆಗಲಿಲ್ಲ. ನಿಮ್ಮ ಅಧ್ಯಕ್ಷರು ಶುದ್ಧಿ ಮಾಡ್ಯಾರಂತಲ್ಲ, ಅವರಿಗೆ ಅದು ಕೇಳಿಸಲಿಲ್ಲೇನು?"

ಪ್ರವೀಣಕುಮಾರ್ ದನಿ ತಗ್ಗಿಸಿದ.

"ನಾನು ಹೇಳ್ದೆ ಅಕ್ಕ. ಮದುವೆ ಕ್ಯಾಸೆಟ್ಟಿಂದ ತೆಗೆದಿದ್ದು ಅಂದ್ರೆ ಘನತೆ ಇರಲ್ಲ ಅಂದ್ರು ಅವ್ರು."

"ನಿಮ್ಮಪ್ಪ ನಿಮ್ಮವ್ವ ಮದುವಿ ಆಗ್ಯಾರಿಲ್ಲೋ?" ಎಂದಳು ಭಾಗ್ಯ. "ಅವರ ಕ್ಯಾಸೆಟ್ಟಿಗೂ ಘನತಿ ಇಲ್ಲೇನು? ಅಳಿಸಿದೋರಿಗೆ ಘನತಿ ಐತಿ, ಕಪಾಟಿನ್ಯಾಗ ಸೀರಿ ನಡುವ ಇಟ್ಟು ಕಾಯ್ದೋರಿಗೆ ಇಲ್ಲ. ಇದನ್ನ ನೀವು ಹರಪನಹಳ್ಳಿಗೆ ಬಂದು ಆ ಸುಮಲತಕ್ಕನ ಮುಂದ ನಿಂತು ಹೇಳ್ರಿ ನೋಡೋಣು."

ಅವನು ಸರಿಪಡಿಸುತ್ತೇವೆ ಎಂದ. ಹದಿನೈದು ದಿನವಾದರೂ ಏನೂ ಆಗಲಿಲ್ಲ. ಆಮೇಲೆ ಅವನು ಅವಳ ಫೋನು ಎತ್ತುವುದನ್ನೂ ಬಿಟ್ಟ.

ರಾಮಾಂಜಿನಿ ಮದುವೆಯಾಗಿರಲಿಲ್ಲ. ಅವನಿಗೆ ಉಳಿದಿದ್ದವಳು ಒಬ್ಬ ಅಕ್ಕ, ಗಾದೆಮ್ಮ. ಭಾಗ್ಯ ಗಂಡನ ಬೈಕಿನಲ್ಲಿ ಕೂತು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅವಳ ಹಳ್ಳಿಗೆ ಹೋದಳು. ಮಧ್ಯಾಹ್ನದ ಹೊತ್ತು. ಗಾದೆಮ್ಮ ಹಟ್ಟಿಯ ಮುಂದೆ ಕೂತು ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಬೆಂಗಳೂರಿನಲ್ಲಿ ತಮ್ಮನ ಹೆಸರಿನಲ್ಲಿ ಎರಡು ಸಮಾರಂಭ ಆದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿರಲಿಲ್ಲ.

ಭಾಗ್ಯ ಸಂಗೀತ ಹಚ್ಚಿದಳು. ಗಾದೆಮ್ಮ ಮರಿಯನ್ನು ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು. ಮೂರೂ ತುಣುಕು ಮುಗಿದವು.

"ಇದನ್ನ ನಾ ಕೇಳಿದ್ದಿಲ್ಲ," ಎಂದಳು ಕೊನೆಗೆ. "ಅಂವ ಬಂದು ಹೇಳಿದ್ದ, ಯಕ್ಕಾ, ಟಿವಿಯಾಗ ನನ್ನ ಬಾಜಾ ಬರ್ತೈತಿ, ಎಲ್ಲಾರೂ ಕೇಳ್ರಿ ಅಂತ. ಆ ವರ್ಷ ನಾವು ಕುರಿ ಹೊಡಕೊಂಡು ಗಂಗಾವತಿ ಕಡೆ ಭತ್ತದ ಗದ್ದಿಗೆ ಮೇಸಾಕ ಹೋಗಿದ್ವಿ. ಗದ್ಯಾಗ ಎಲ್ಲೈತಿ ಟಿವಿ? ತಿರುಗಿ ಬರೂದ್ರಾಗ ಮುಗದ ಹೋಗಿತ್ತು. ಇನ್ನೊಂದ್ಸಲ ಹಾಕ್ಸು ಅಂದೆ. ಇನ್ನೊಂದ್ಸಲ ಹಾಕೂದಿಲ್ಲ ಯಕ್ಕಾ, ಅದು ಹೋತು ಅಂದ. ಆಮ್ಯಾಲ ಸಿನಿಮಾದ್ದು ಎಲ್ಲಾ ಕೇಳೀನಿ. ಇದನ್ನ ನಾ ಕೇಳಲಿಲ್ಲ ಅಂತ ಅವಗ ಭಾಳ ಕೊರಗಿತ್ತು."

ಭಾಗ್ಯ ಅಳಿಸಿದ ಕಥೆಯನ್ನೂ, ಭಂಡಾರದ ಕಥೆಯನ್ನೂ ಹೇಳಿದಳು. ಗಾದೆಮ್ಮ ತಾಳ್ಮೆಯಿಂದ ಕೇಳಿಸಿಕೊಂಡಳು.

"ಅಳಿಸೋವಾಗರ ನನ್ನ ತಮ್ಮನ್ನ ಕೇಳಬೇಕಾಗಿತ್ತು, ಈಗರ ನನ್ನ ಕೇಳಬೇಕಾಗಿತ್ತು," ಎಂದಳು. "ನಾವೇನು ಇಲ್ಲೇ ಇಲ್ಲೇನು?"

"ಇದನ್ನ ಹಿಂಗ ಹೇಳ್ತೀರೇನು, ಯವ್ವಾ? ನಮ್ಮನಿಯವರು ವಿಡಿಯೊ ತೆಗೀತಾರ."

"ಹೇಳ್ತೀನಿ. ತೆಗೀರಿ. ತಡಿ, ಸೀರಿ ಬದಲಿ ಮಾಡಿ ಬರ್ತೀನಿ."

ಹಸಿರು ಸೀರೆ ಉಟ್ಟು ಬಂದು ಹಟ್ಟಿಯ ಬೇಲಿಗೆ ಒರಗಿ ನಿಂತು ಹೇಳಿದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ನನ್ನ ತಮ್ಮನ ಹೆಸರು ರಾಮಾಂಜಿನಿ, ಅವನ ಬಾಜಾ ಮಂದಿಯ ಮದುವೆ ಕ್ಯಾಸೆಟ್ಟಿನಲ್ಲಿ ಉಳಿದಿತ್ತು, ಕೊಟ್ಟೂರಿನ ಹೆಣ್ಣುಮಗಳು ಹುಡುಕಿದಳು, ನೀವು ನಿಮ್ಮದು ಅಂದಿರಿ, ಅದು ಸುಳ್ಳು, ಇಷ್ಟೇ. ಭಾಗ್ಯ ಅದಕ್ಕೆ ಹಿತ್ತಾಳೆ ಕೊಡದ ತುಣುಕನ್ನು ಜೋಡಿಸಿ, ಮುಯ್ಯಿ ಕೂಗುವ ದನಿ ಬರುವಲ್ಲಿ ಆ ಮಾತನ್ನು ಅಕ್ಷರದಲ್ಲೂ ಹಾಕಿ ಮೊಬೈಲಿನಲ್ಲಿ ಹರಿಯಬಿಟ್ಟಳು. ಆ ಸೀಮೆಯ ಐದೂ ತಾಲ್ಲೂಕುಗಳ ವಾಟ್ಸಾಪ್ ಗುಂಪುಗಳಲ್ಲಿ ಅದು ಓಡಾಡಿತು. ಗುರುಸಂಗಪ್ಪನ ಮೊಮ್ಮಕ್ಕಳು ಸೋಗಿಯಿಂದ ಫೋನು ಮಾಡಿ, ಆ ಕೊಡ ಈಗಲೂ ಆ ಮದುವೆಯವರ ಮನೆಯಲ್ಲಿದೆಯೇ ಎಂದು ವಿಚಾರಿಸಿದರು. ಬೆಂಗಳೂರಿನ ಸಂಗೀತದ ಮಂದಿಗೂ ಅದು ಮುಟ್ಟಿತು.

ಸಂಸ್ಥೆ ಉತ್ತರ ಕೊಡಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ತಾನು ಬಿಡುಗಡೆ ಮಾಡಿದ ಸಂಗೀತವನ್ನೇ ಸದ್ದಿಲ್ಲದೆ ಎಲ್ಲ ಕಡೆಯಿಂದ ತೆಗೆದುಹಾಕಿತು. ನಾಲ್ಕು ಹೆಸರು ಸೇರಿಸಲು ಒಪ್ಪದವರು ಇಡೀ ಸಂಗೀತವನ್ನೇ ಅಳಿಸಲು ಹಿಂದೆಮುಂದೆ ನೋಡಲಿಲ್ಲ. ನಾಡಿಗೆ ಅರ್ಪಿಸಿದ್ದನ್ನು ನಾಡಿನ ಮಂದಿಯ ಹೆಸರು ಕೇಳಿದೊಡನೆ ಹಿಂದಕ್ಕೆ ತೆಗೆದುಕೊಂಡರು.

ಭಾಗ್ಯ ಆ ದಿನ ಊಟ ಮಾಡಲಿಲ್ಲ ಎಂದು ಗವಿಸಿದ್ದೇಶ ಹೇಳುತ್ತಾನೆ. ಮರುದಿನ ಕೂತು, ಗಾದೆಮ್ಮನ ಒಪ್ಪಿಗೆ ಪಡೆದು, ಎಲ್ಲವನ್ನೂ ತಾನೇ ಯೂಟ್ಯೂಬಿಗೆ ಹಾಕಿದಳು. ಸಂಗೀತ ರಾಮಾಂಜಿನಿ ಎಂದು ಮೊದಲು, ಆಮೇಲೆ ಜೋಗಪ್ಪ, ಆಮೇಲೆ ಕ್ಯಾಸೆಟ್ ಕೊಟ್ಟ ಮನೆಯವರು, ಊರಿನ ಸಮೇತ. ಹೆಸರು ಹಾಕಲೇ ಎಂದು ಸುಮಲತಾಳನ್ನು ಕೇಳಿದಳು.

"ಹಾಕ್ರಿ," ಎಂದಳು ಸುಮಲತಾ. "ನಮ್ಮಪ್ಪನ ಹೆಸರೂ ಹಾಕ್ರಿ. ಮದ್ವೆ ಮಾಡಿದ್ದು ಅವ್ರು."

ಹೋದ ಬೇಸಿಗೆಯಲ್ಲಿ ಪ್ರವೀಣಕುಮಾರ್ ಮತ್ತೆ ಫೋನು ಮಾಡಿದ್ದ. ಈ ಸಲದ ಸಮಾರಂಭದಲ್ಲಿ ನಿಮಗೆ ಶಾಲು ಹೊದಿಸುತ್ತೇವೆ, ಅಧ್ಯಕ್ಷರೇ ಹೊದಿಸುತ್ತಾರೆ ಎಂದ.

"ಗಾದೆಮ್ಮನ್ನ ಕರೀತೀರೇನು? ಜೋಗಪ್ಪ ಕಾಕಾನ್ನ?" ಎಂದು ಭಾಗ್ಯ ಕೇಳಿದಳು.

"ವೇದಿಕೆ ಮೇಲೆ ಜಾಗ ಕಮ್ಮಿ ಅಕ್ಕ. ಟೈಮೂ ಕಮ್ಮಿ."

"ಅಧ್ಯಕ್ಷರು ಅವತ್ತು ಅಂದ ಮಾತು ಸುಳ್ಳು ಅಂತ ಅದೇ ಮೈಕಿನ್ಯಾಗ ಹೇಳ್ತಾರೇನು?"

"ಅದ್ ಹೆಂಗಾಗುತ್ತೆ ಅಕ್ಕ."

"ಹಂಗಾರ ನನಗ ಶಾಲು ಬ್ಯಾಡ. ನಮ್ಮ ಕಡೆ ಸೆಕಿ ಭಾಳ," ಎಂದು ಫೋನು ಇಟ್ಟಳು.

ಅವಳು ಹಾಕಿದ ಹೆಸರುಗಳ ಕೊನೆಯಲ್ಲಿ ಈಗಲೂ ಒಂದು ಸಾಲಿದೆ: ಕೊಳಲು ನುಡಿಸಿದವರು ಯಾರೆಂದು ಗೊತ್ತಾಗಿಲ್ಲ, ಬಲ್ಲವರು ತಿಳಿಸಿ. ಆ ಕಾಲದಲ್ಲಿ ಬೆಂಗಳೂರಿನ ಸ್ಟುಡಿಯೊಗಳಲ್ಲಿ ನುಡಿಸುತ್ತಿದ್ದವರ ನಂಬರು ಒಬ್ಬರಿಂದ ಒಬ್ಬರಿಗೆ ಕೇಳಿ ಪಡೆದು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನು ಮಾಡುತ್ತಾಳೆ. ಕೆಲವರು ತೀರಿಕೊಂಡಿದ್ದಾರೆ, ಕೆಲವರು ನೆನಪಿಲ್ಲ ಎನ್ನುತ್ತಾರೆ. ಇಷ್ಟು ಸಾಕಲ್ಲ, ಯಾರಿಗೆ ಬೇಕು ಆ ಹೆಸರು ಎಂದು ಇದನ್ನೆಲ್ಲ ಅವಳಿಂದ ಕೇಳಿ ಬರೆಯುತ್ತಿರುವ ನಾನೇ ಒಮ್ಮೆ ಕೇಳಿದೆ.

ಭಾಗ್ಯ ನನ್ನನ್ನು ಆ ಅಧ್ಯಕ್ಷರನ್ನು ನೋಡಿದಂತೆಯೇ ನೋಡಿದಳು.

"ಆ ಕೊಳಲಿಗೆ ಉಸಿರು ಹಾಕಿದೋನು ಅಂವ ಅಲ್ಲೇನ್ರಿ?" ಎಂದಳು.